8.40 ಲಕ್ಷದ ಕಾರಿಗೆ ಆನ್‌ರೋಡ್ 10.70 ಲಕ್ಷ ಅಂತಿದ್ದಾರೆ, ಎಲ್ಲಿ ಎಷ್ಟು ಇಳಿಸಬಹುದು?

ಹದಡಿ_ರೋಡ್
ಎಲ್ಲರಿಗೂ ನಮಸ್ಕಾರ. ಮನೆಗೆ ಮೊದಲನೇ ಕಾರು ತಗೋತಿದ್ದೇವೆ. 1197 ಸಿಸಿ ಪೆಟ್ರೋಲ್, ನಾಲ್ಕು ಮೀಟರ್ ಒಳಗಿನ ಸಣ್ಣ ಕಾರು. ಟೆಸ್ಟ್ ಡ್ರೈವ್ ಆಯ್ತು, ಬಣ್ಣವೂ ಎಲ್ಲರಿಗೂ ಒಪ್ಪಿಗೆ ಆಯ್ತು. ಇಲ್ಲೇ ದಾವಣಗೆರೆಯ ಒಂದು ಶೋರೂಮ್‌ನಲ್ಲಿ ಕೊಟೇಶನ್ ಕೊಟ್ಟಿದ್ದಾರೆ. ಇದ್ದ ಹಾಗೇ ಹಾಕ್ತಿದ್ದೇನೆ:

ಎಕ್ಸ್‌ಶೋರೂಂ 8,40,000
ಆರ್‌ಟಿಒ 1,38,500
ಇನ್ಶೂರೆನ್ಸ್ 47,200
ಹ್ಯಾಂಡ್ಲಿಂಗ್ 9,500
ಫಾಸ್ಟ್ಯಾಗ್ 1,000
ಆಕ್ಸೆಸರಿ ಕಿಟ್ 24,000
ಕೋಟಿಂಗ್ 14,500
ಎಕ್ಸ್‌ಟೆಂಡೆಡ್ ವಾರಂಟಿ 15,800
ಡಿಸ್ಕೌಂಟ್ 20,000 ಕಳೆದು ಒಟ್ಟು 10,70,500

ಇವತ್ತೇ 11 ಸಾವಿರ ಕಟ್ಟಿ ಬುಕ್ ಮಾಡಿದರೆ ಮಾತ್ರ ಈ ಡಿಸ್ಕೌಂಟ್, ನಾಳೆ ಗ್ಯಾರಂಟಿ ಇಲ್ಲ ಅಂದರು. ನಾವು ಇನ್ನೂ ಕಟ್ಟಿಲ್ಲ. ಈ ರೇಟು ಸರಿನಾ? ಯಾವುದನ್ನ ಕೇಳಬಹುದು, ಯಾವುದನ್ನ ಕೇಳೋಕೆ ಆಗಲ್ಲ? ತಿಳಿದವರು ಹೇಳಿ.

ಜಗಳೂರು_ಮಂಜ
ಹ್ಯಾಂಡ್ಲಿಂಗ್ ಒಂದು ರೂಪಾಯಿನೂ ಕೊಡಬೇಡಿ ಅಕ್ಕ.

ಚನ್ನಗಿರಿ_ತೋಟ
ಮೇಡಂ, ಬುಕಿಂಗ್ ಕಟ್ಟದೇ ಇದ್ದದ್ದು ಒಳ್ಳೇದಾಯ್ತು. ದುಡ್ಡು ಕಟ್ಟೋವರೆಗೆ ಮಾತು ನಿಮ್ಮ ಕೈಲಿ, ಕಟ್ಟಿದ ಮೇಲೆ ಅವರ ಕೈಲಿ.

ಮೊದಲು ಈ ಪಟ್ಟಿಯನ್ನ ಮೂರು ಗುಂಪು ಮಾಡಿ. ಎಕ್ಸ್‌ಶೋರೂಂ ರೇಟು ಕಂಪನಿ ಇಟ್ಟಿದ್ದು. ಅದನ್ನೇ ತಿದ್ದೋಕೆ ಶೋರೂಮ್‌ನವರಿಗೆ ಆಗಲ್ಲ, ಅವರು ಕೊಡೋದೇನಿದ್ದರೂ ಡಿಸ್ಕೌಂಟ್ ಸಾಲಿನಲ್ಲೇ. ಎರಡನೇದು ಸರ್ಕಾರದ ದುಡ್ಡು. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 14%, ಆ ಟ್ಯಾಕ್ಸ್ ಮೇಲೆ 11% ಸೆಸ್. ಎರಡೂ ಸೇರಿ 15.54% ಆಗುತ್ತೆ. ನಿಮ್ಮ 8.40 ಲಕ್ಷಕ್ಕೆ 1,30,536. ಇದರ ಮೇಲೆ ರಿಜಿಸ್ಟ್ರೇಶನ್ ಫೀ 600, ಲೋನ್ ಇದ್ದರೆ ಅದನ್ನ ಆರ್‌ಸಿಯಲ್ಲಿ ಸೇರಿಸೋಕೆ 1,500, ಕಾರ್ಡಿಗೆ 200, ಆಮೇಲೆ ಸಣ್ಣಪುಟ್ಟದ್ದು ಒಂದೆರಡು. ಎಷ್ಟು ಎಳೆದರೂ 1,38,500 ಮುಟ್ಟಲ್ಲ. "ಆರ್‌ಟಿಒ ರಸೀದಿಯಲ್ಲಿ ಎಷ್ಟಿರುತ್ತೋ ಅಷ್ಟೇ ಕೊಡ್ತೀವಿ" ಅಂತ ಹೇಳಿ. ಆ ಒಂದು ಮಾತಿಗೇ ನಾಲ್ಕೈದು ಸಾವಿರ ಇಳಿಯುತ್ತೆ.

ಉಳಿದದ್ದೆಲ್ಲಾ ಮೂರನೇ ಗುಂಪು. ಇನ್ಶೂರೆನ್ಸ್, ಹ್ಯಾಂಡ್ಲಿಂಗ್, ಕಿಟ್, ಕೋಟಿಂಗ್, ವಾರಂಟಿ ಸೇರಿಸಿದರೆ 1,11,000 ಆಗ್ತಿದೆ ನೋಡಿ. ನಿಮಗೆ ಕೊಟ್ಟಿರೋ ಡಿಸ್ಕೌಂಟ್ 20 ಸಾವಿರ. ಶೋರೂಮ್‌ನ ಲಾಭ ಇರೋದೇ ಇಲ್ಲಿ. ಚೌಕಾಶಿನೂ ಇಲ್ಲೇ ಆಗಬೇಕು.

ಕೋಟೆ_ಊರು
ನಾನು ಚಿತ್ರದುರ್ಗದವನು. ದುರ್ಗ, ದಾವಣಗೆರೆ, ಹುಬ್ಬಳ್ಳಿ ಮೂರೂ ಕಡೆ ಒಂದೇ ಮಾಡೆಲ್‌ಗೆ ಕೊಟೇಶನ್ ತಗೊಂಡೆ. ಎಕ್ಸ್‌ಶೋರೂಂ, ಟ್ಯಾಕ್ಸ್ ಎಲ್ಲಾ ಕಡೆ ಒಂದೇ. ಆದರೂ ಒಟ್ಟು ಮೊತ್ತದಲ್ಲಿ ಒಳ್ಳೇ ವ್ಯತ್ಯಾಸ ಇತ್ತು. ಹುಬ್ಬಳ್ಳಿಯವರು ಕಡಿಮೆ ಹೇಳಿದ್ದನ್ನ ಇಲ್ಲಿ ತೋರಿಸಿದೆ, ಇಲ್ಲಿಯವರೇ ಆ ರೇಟಿಗೆ ಬಂದರು. ನೀವೂ ಇನ್ನೊಂದು ಊರಿನ ಕೊಟೇಶನ್ ತಗೊಳ್ಳಿ. ಬಾಯಿ ಮಾತು ಬೇಡ, ಸೀಲು ಹಾಕಿದ ಕಾಗದ ಇರಲಿ.

ವಿದ್ಯಾನಗರ_ಸರ್
ಹುಬ್ಬಳ್ಳಿಯಲ್ಲಿ ತಗೊಂಡರೆ ಕೆಎ 63 ಬರುತ್ತಲ್ಲಾ? ನಮಗೆ 17 ಬೇಕು.

ಕೋಟೆ_ಊರು
ಇಲ್ಲ ಸರ್. ನಿಮ್ಮ ವಿಳಾಸ ದಾವಣಗೆರೆದಾದರೆ ಕೆಎ 17ರಲ್ಲೇ ರಿಜಿಸ್ಟರ್ ಮಾಡಿಸಬಹುದು. ಟೆಂಪರರಿ ನಂಬರ್ ಮೇಲೆ ಗಾಡಿ ತರಬಹುದು. ಒಂದೇ ರಾಜ್ಯ ಆದ್ದರಿಂದ ಟ್ಯಾಕ್ಸ್ ತೊಂದರೆ ಇಲ್ಲ.

ಶೋರೂಮ್_ಬಿಟ್ಟವ
ನಾನು ಕೆಲವು ವರ್ಷ ಸೇಲ್ಸ್‌ನಲ್ಲಿದ್ದವನು, ಈಗ ಬೇರೆ ಕೆಲಸ. ಇಲ್ಲಿ ಬರೆದದ್ದರಲ್ಲಿ ತುಂಬಾ ನಿಜ ಇದೆ. ಆದರೆ ಒಂದು ಮಾತು ಹೇಳಲೇಬೇಕು. ನಿಮ್ಮ ಎದುರು ಕೂತ ಹುಡುಗ ಕಳ್ಳ ಅಲ್ಲ. ಅವನ ಸಂಬಳ ಕಡಿಮೆ. ತಿಂಗಳಿಗೆ ಇಷ್ಟು ಗಾಡಿ, ಗಾಡಿಗೆ ಇಷ್ಟು ಆಕ್ಸೆಸರಿ, ಇಷ್ಟು ಲೋನ್, ಇಷ್ಟು ಇನ್ಶೂರೆನ್ಸ್ ಅಂತ ಟಾರ್ಗೆಟ್ ಇರುತ್ತೆ. ಬರೀ ಗಾಡಿ ಮಾರಿದರೆ ಅವನಿಗೆ ಇನ್ಸೆಂಟಿವ್ ಅಷ್ಟಾಗಿ ಸಿಗಲ್ಲ. ಆದ್ದರಿಂದ ಅವನ ಮೇಲೆ ಕೂಗಾಡಬೇಡಿ. ಅವನಿಗೆ ಬಿಡೋ ಅಧಿಕಾರವೇ ಇಲ್ಲ.

ಒಳಗೆ ನಡೆಯೋದು ಹೀಗೆ. ನೀವು 40 ಸಾವಿರ ಕಡಿಮೆ ಮಾಡಿ ಅಂತೀರಿ. ಹುಡುಗ ಪ್ಯಾಡ್ ತಗೊಂಡು ಮ್ಯಾನೇಜರ್ ಕ್ಯಾಬಿನ್‌ಗೆ ಹೋಗ್ತಾನೆ. ನಿಮಗೆ ಕಾಫಿ ಬರುತ್ತೆ. ಹತ್ತು ನಿಮಿಷ ಬಿಟ್ಟು ಬಂದು "ತುಂಬಾ ರಿಕ್ವೆಸ್ಟ್ ಮಾಡಿದೆ ಸರ್, ಇನ್ನೊಂದು 3 ಸಾವಿರ ಒಪ್ಪಿದರು, ಮ್ಯಾಟ್ ಫ್ರೀ" ಅಂತಾನೆ. ಮ್ಯಾನೇಜರ್ ಹತ್ತಿರ ಎಷ್ಟು ಬಿಡಬಹುದು ಅನ್ನೋ ಲೆಕ್ಕ ಮೊದಲೇ ಇರುತ್ತೆ. ಕಂಪನಿ ಆ ತಿಂಗಳಿಗೆ ಕೊಟ್ಟ ಸ್ಕೀಮು ಬೇರೆ, ಶೋರೂಮ್ ತನ್ನ ಲಾಭದಲ್ಲಿ ಬಿಡೋದು ಬೇರೆ. "ಕಂಪನಿ ಸ್ಕೀಮ್ ಎಷ್ಟು, ನಿಮ್ಮ ಕಡೆಯಿಂದ ಎಷ್ಟು, ಎರಡನ್ನೂ ಬೇರೆ ಬೇರೆ ಬರೆದು ಕೊಡಿ" ಅಂತ ಮ್ಯಾನೇಜರ್‌ನ್ನೇ ಕೇಳಿ. ಎರಡನ್ನೂ ಒಟ್ಟು ಸೇರಿಸಿ ಒಂದೇ ಅಂಕಿ ಹೇಳಿದರೆ ಶೋರೂಮ್ ಕಡೆಯಿಂದ ಏನೂ ಬಂದಿಲ್ಲ ಅಂತ ತಿಳ್ಕೊಳ್ಳಿ.

"ಇವತ್ತೇ ಮಾತ್ರ" ಅನ್ನೋದನ್ನ ನಂಬಬೇಡಿ. ಸ್ಕೀಮ್ ಬದಲಾಗೋದು ತಿಂಗಳಿಗೊಮ್ಮೆ, ದಿನಕ್ಕೊಮ್ಮೆ ಅಲ್ಲ.

ಜಗಳೂರು_ಮಂಜ
ಸಂಬಳ ಕಡಿಮೆ ಇದ್ದರೆ ಅದನ್ನ ಮಾಲೀಕರು ಕೊಡಬೇಕು ಅಣ್ಣ, ನಾವ್ಯಾಕೆ ಕೊಡಬೇಕು? ಜೋಳ ಮಾರಿ ದುಡ್ಡು ತಂದಿರ್ತೀವಿ. ಎಪಿಎಂಸಿಯಲ್ಲಿ ನಮಗೆ ಯಾರೂ ಹ್ಯಾಂಡ್ಲಿಂಗ್ ಕೊಡಲ್ಲ.

ಶೋರೂಮ್_ಬಿಟ್ಟವ
ಕೊಡಿ ಅಂದಿಲ್ಲ ಮಂಜಣ್ಣ. ಬೇಡ ಅಂತ ಹೇಳಿ, ಮರ್ಯಾದೆಯಾಗಿ ಹೇಳಿ ಅಂದೆ ಅಷ್ಟೇ. ಹ್ಯಾಂಡ್ಲಿಂಗ್ ವಿಷಯದಲ್ಲಿ ನಿಮ್ಮ ಮಾತೇ ಸರಿ. ಗಾಡಿಯನ್ನ ಯಾರ್ಡ್‌ನಿಂದ ಶೋರೂಮ್‌ಗೆ ತರೋ ಖರ್ಚು ಗಿರಾಕಿಯದಲ್ಲ.

ಲೆಕ್ಕದ_ಮೇಡಂ
ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, 47,200 ಜಾಸ್ತಿ ಆಯ್ತು. ಹೊಸ ಕಾರಿಗೆ ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ಹಾನಿಯ ಭಾಗ, ಮೂರು ವರ್ಷಕ್ಕೆ ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹೀಗಿದೆ. ನಮ್ಮ ಗಾಡಿಗೆ ಆಗೋ ಹಾನಿಯ ಭಾಗ ಒಂದು ವರ್ಷಕ್ಕೆ ಸಾಕು. ಥರ್ಡ್ ಪಾರ್ಟಿ ರೇಟು ಸರ್ಕಾರ ಗೊತ್ತು ಮಾಡಿದ್ದು, ಯಾವ ಕಂಪನಿಯಾದರೂ ಒಂದೇ. 2022ರ ಪಟ್ಟಿ ಪ್ರಕಾರ 1000ದಿಂದ 1500 ಸಿಸಿಗೆ ಮೂರು ವರ್ಷಕ್ಕೆ 10,640. ಜಿಎಸ್‌ಟಿ ಸೇರಿ 12,555. ಅಂದರೆ ನಿಮ್ಮ ಕೊಟೇಶನ್‌ನಲ್ಲಿ ಉಳಿದ ಹತ್ತಿರ ಹತ್ತಿರ 34,600 ಒಂದೇ ವರ್ಷದ ಭಾಗ ಮತ್ತು ಅದಕ್ಕೆ ಜೋಡಿಸಿದ ಆಡ್‌ಆನ್‌ಗಳದು, ಅಂದರೆ ಹೆಚ್ಚುವರಿ ರಕ್ಷಣೆಗಳದು. ಡಿಸ್ಕೌಂಟ್ ಕೊಡೋಕೆ ಆಗೋದು ಅಲ್ಲೇ.

ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಎಕ್ಸ್‌ಶೋರೂಂನ 95% ಇದೆಯಾ ನೋಡಿ, ನಿಮಗೆ 7.98 ಲಕ್ಷ ಇರಬೇಕು. ಕೆಲವರು ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸ್ತಾರೆ. ಝೀರೋ ಡೆಪ್ (ಕ್ಲೇಮ್‌ನಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ಆಡ್‌ಆನ್) ಇರಲಿ. ಕೀ ಕಳೆದರೆ, ಲಗೇಜ್ ಕಳೆದರೆ ಅನ್ನೋವೆಲ್ಲಾ ಬೇಕಿದ್ದರೆ ಮಾತ್ರ. ಅದೇ ಐಡಿವಿ, ಅದೇ ಆಡ್‌ಆನ್ ಹಾಕಿ ಆನ್‌ಲೈನ್‌ನಲ್ಲಿ ರೇಟು ತೆಗೆಯಿರಿ, ಅದನ್ನ ತೋರಿಸಿ ಇಳಿಸಿ ಅನ್ನಿ. ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಬೇಕು ಅಂತ ಯಾವ ಶೋರೂಮೂ ಒತ್ತಾಯ ಮಾಡೋ ಹಾಗಿಲ್ಲ.

ಹರಿಹರ_ಸೇತುವೆ
ಹೊರಗಡೆ ಮಾಡಿಸಿದರೆ ಕ್ಲೇಮ್ ಟೈಮಲ್ಲಿ ಅಲೆದಾಡಿಸ್ತಾರೆ. ನಮ್ಮ ಭಾವನಿಗೆ ಹಾಗೇ ಆಯ್ತು. ಎಂಟತ್ತು ಸಾವಿರ ಉಳಿಸೋಕೆ ಹೋಗಬೇಡಿ ಅಂತೀನಿ.

ಲೆಕ್ಕದ_ಮೇಡಂ
ಕ್ಲೇಮ್ ಕೊಡೋದು ಇನ್ಶೂರೆನ್ಸ್ ಕಂಪನಿ, ಶೋರೂಮ್ ಅಲ್ಲ. ನಿಮ್ಮ ಸರ್ವಿಸ್ ಸೆಂಟರ್ ಆ ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇದೆಯಾ ಅಂತ ಮೊದಲು ನೋಡಿದರೆ ಮುಗೀತು. ಇದ್ದರೆ ಹೊರಗೆ ತಗೊಂಡರೂ ಅಷ್ಟೇ, ಒಳಗೆ ತಗೊಂಡರೂ ಅಷ್ಟೇ.

ಹರಿಹರ_ಸೇತುವೆ
ಕಾಗದದ ಮೇಲೆ ಹಾಗೆ. ಬಂಪರ್ ಒಡೆದುಕೊಂಡು ನಿಂತಾಗ ಶೋರೂಮ್‌ನವರೇ ಸರ್ವೇಯರ್‌ಗೆ ಫೋನ್ ಮಾಡಿ ಕರೆಸ್ತಾರಲ್ಲ, ಅದಕ್ಕೂ ಒಂದು ಬೆಲೆ ಇದೆ. ನಾನು ಒಪ್ಪಲ್ಲ.

ಶೋರೂಮ್_ಬಿಟ್ಟವ
ಇಬ್ಬರಿಗೂ ಆಗೋ ದಾರಿ ಇದೆ. ಹೊರಗಿನ ರೇಟು ತೋರಿಸಿದರೆ ಶೋರೂಮ್‌ನವರೇ ಅದರ ಹತ್ತಿರಕ್ಕೆ ಬರ್ತಾರೆ. ಅವರಿಗೆ ಕಮಿಷನ್ ಇರೋದರಿಂದ ಇಳಿಸೋಕೆ ಜಾಗ ಇದ್ದೇ ಇರುತ್ತೆ.

ಮಿರ್ಚಿ_ಮಂಡಕ್ಕಿ
ನನ್ನದೂ ಒಂದು ಪ್ರಶ್ನೆ. ಆನ್‌ರೋಡ್ 10 ಲಕ್ಷ ದಾಟಿದರೆ 1% ಟಿಸಿಎಸ್ (ಮಾರೋರು ನಮ್ಮಿಂದ ತಗೊಂಡು ಸರ್ಕಾರಕ್ಕೆ ಕಟ್ಟೋ ಇನ್‌ಕಮ್ ಟ್ಯಾಕ್ಸ್) ಕಟ್ಟಬೇಕಲ್ಲಾ? ಹದಡಿ ರೋಡ್ ಅಕ್ಕನ ಕೊಟೇಶನ್‌ನಲ್ಲಿ ಅದು ಬಿಟ್ಟುಹೋಗಿದೆ.

ಲೆಕ್ಕದ_ಮೇಡಂ
ಇಲ್ಲ, ಟಿಸಿಎಸ್‌ಗೆ ಲೆಕ್ಕ ಗಾಡಿಯ ಬೆಲೆ, ಆನ್‌ರೋಡ್ ಅಲ್ಲ. ಅವರದು 8.40, ಹಾಗಾಗಿ ಬರಲ್ಲ. ಬಂದವರಿಗೂ ಅದು ಹೋದ ದುಡ್ಡಲ್ಲ. ರಿಟರ್ನ್ಸ್ ಹಾಕುವಾಗ ತೋರಿಸಿ ವಾಪಸ್ ಪಡೀಬಹುದು.

10 ಲಕ್ಷದ ಗೆರೆ ನಿಜವಾಗಿ ಕಾಡೋದು ರೋಡ್ ಟ್ಯಾಕ್ಸ್‌ನಲ್ಲಿ. ಅದನ್ನ ದಾಟಿದರೆ 14% ಹೋಗಿ 17% ಆಗುತ್ತೆ, ಸೆಸ್ ಸೇರಿ 18.87%. 9.95 ಲಕ್ಷದ ವೇರಿಯಂಟ್‌ಗೆ ಟ್ಯಾಕ್ಸ್ 1,54,623. 10.10 ಲಕ್ಷದ್ದಕ್ಕೆ 1,90,587. "ಬರೀ 15 ಸಾವಿರ ಜಾಸ್ತಿ ಹಾಕಿದರೆ ಸನ್‌ರೂಫ್ ಬರುತ್ತೆ" ಅಂತಾರಲ್ಲ, ಟ್ಯಾಕ್ಸ್ ಸೇರಿ ಅದು 51 ಸಾವಿರ ಆಗುತ್ತೆ. ಆ ರೇಂಜಲ್ಲಿ ನೋಡ್ತಿರೋರು ದಯವಿಟ್ಟು ಮೊದಲೇ ಲೆಕ್ಕ ಹಾಕಿ.

ಮಿರ್ಚಿ_ಮಂಡಕ್ಕಿ
ಅಯ್ಯೋ, ನಾನು ನೋಡ್ತಿರೋದು ಅದೇ ರೇಂಜು! ಥ್ಯಾಂಕ್ಸ್ ಮೇಡಂ.

ನಿಜಲಿಂಗಪ್ಪ_ಬಡಾವಣೆ
ಇದು ಡಿಸೆಂಬರ್. ವರ್ಷದ ಕೊನೆ ಅಂತ ಸ್ಟಾಕ್ ಖಾಲಿ ಮಾಡೋ ಆತುರ ಶೋರೂಮ್‌ನವರಿಗೆ. ಇತ್ತ ಧನುರ್ಮಾಸ ಅಂತ ನಮ್ಮ ಜನ ಗಾಡಿ ತಗೊಳ್ಳಲ್ಲ. ಗಿರಾಕಿ ಕಡಿಮೆ, ಗಾಡಿ ಜಾಸ್ತಿ. ಚೌಕಾಶಿಗೆ ಇದಕ್ಕಿಂತ ಒಳ್ಳೇ ಹೊತ್ತು ಇಲ್ಲ. ಆಷಾಢದಲ್ಲೂ ಹೀಗೇ. ಆಯುಧಪೂಜೆ, ಯುಗಾದಿ ಹೊತ್ತಿಗೆ ಹೋದರೆ ಡೆಲಿವರಿ ಕೊಡೋದೇ ದೊಡ್ಡದು ಅನ್ನೋ ಥರ ಮಾತಾಡ್ತಾರೆ, ಆಗ ರೇಟು ಕೇಳೋಕೇ ಹೋಗಬೇಡಿ.

20 ಸಾವಿರ ಡಿಸೆಂಬರ್‌ಗೆ ತೀರಾ ಕಡಿಮೆ. ಡಬಲ್ ಕೇಳಿ. ಮನೆಯಲ್ಲಿ ಯಾರಾದರೂ ಸರ್ಕಾರಿ ನೌಕರಿಯಲ್ಲಿದ್ದರೆ, ದೊಡ್ಡ ಕಂಪನಿಯಲ್ಲಿದ್ದರೆ ಕಾರ್ಪೊರೇಟ್ ಡಿಸ್ಕೌಂಟ್ ಇದೆಯಾ ಅಂತಲೂ ಕೇಳಿ. ನೀವು ಕೇಳದೇ ಅವರು ಹೇಳಲ್ಲ.

ವಿದ್ಯಾನಗರ_ಸರ್
ಡಿಸೆಂಬರ್‌ನಲ್ಲಿ ತಗೊಂಡರೆ ಒಂದೇ ತಿಂಗಳಿಗೆ ಗಾಡಿ "ಹೋದ ವರ್ಷದ್ದು" ಆಗುತ್ತೆ. ಮಾರುವಾಗ ಒಂದು ವರ್ಷ ಹಳೇದು ಅಂತ ರೇಟು ಮುರಿತಾರೆ. ನಾನಾಗಿದ್ದರೆ ಜನವರಿವರೆಗೆ ಕಾಯ್ತಿದ್ದೆ.

ನಿಜಲಿಂಗಪ್ಪ_ಬಡಾವಣೆ
ಜನವರಿಯಲ್ಲಿ ಹಲವು ಕಂಪನಿಗಳು ರೇಟು ಏರಿಸ್ತವೆ ಸರ್, ಡಿಸ್ಕೌಂಟೂ ಹೋಗುತ್ತೆ. ಅದೂ ಅಲ್ಲದೆ ಜನವರಿಯಲ್ಲಿ ಕೊಡೋದೂ ಡಿಸೆಂಬರ್‌ನಲ್ಲಿ ತಯಾರಾದ ಗಾಡಿಯೇ ಆಗಿರಬಹುದು. ಹತ್ತು ವರ್ಷ ಇಟ್ಟುಕೊಳ್ಳೋರಿಗೆ ಡಿಸೆಂಬರ್ ಲಾಭ. ಮೂರು ವರ್ಷಕ್ಕೆ ಮಾರೋರು ನಿಮ್ಮ ಮಾತು ಕೇಳಲಿ.

ಚಳ್ಳಕೆರೆ_ಶೇಂಗಾ
ಯಾವ ತಿಂಗಳ ಗಾಡಿ ಅಂತ ಬಾಯಿ ಮಾತು ನಂಬಬೇಡಿ. ಚಾಸಿ ನಂಬರ್‌ನ ಹತ್ತನೇ ಅಕ್ಷರ ನೋಡಿ. ಹೆಚ್ಚಿನ ಕಂಪನಿಗಳಲ್ಲಿ ಅದು ವರ್ಷದ ಗುರುತು. 2024ಕ್ಕೆ ಆರ್, 2025ಕ್ಕೆ ಎಸ್, 2026ಕ್ಕೆ ಟಿ. ಫಾರಂ 21 ಅಂದರೆ ಸೇಲ್ ಸರ್ಟಿಫಿಕೇಟ್‌ನಲ್ಲಿ ತಿಂಗಳು, ವರ್ಷ ಎರಡೂ ಬರೆದಿರಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರ್ತಾರೆ. 3425 ಇದ್ದರೆ 2025ರ 34ನೇ ವಾರದ ಟೈರು. ಜೂನ್‌ನಲ್ಲೇ ತಯಾರಾಗಿ ಯಾರ್ಡ್‌ನ ಬಿಸಿಲಲ್ಲಿ ನಿಂತ ಗಾಡಿ ಆದರೆ ಬೇಡ ಅನ್ನಬೇಕಿಲ್ಲ, ಅದಕ್ಕೆ ತಕ್ಕ ಹಾಗೆ ಜಾಸ್ತಿ ಡಿಸ್ಕೌಂಟ್ ಕೇಳಿ.

ಮಿರ್ಚಿ_ಮಂಡಕ್ಕಿ
ಜೂನ್ ಗಾಡಿ ಆದರೆ ಹಳೇ ಜಿಎಸ್‌ಟಿ ಹಾಕ್ತಾರಾ?

ಲೆಕ್ಕದ_ಮೇಡಂ
ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ 18%. ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಆದರೆ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಒಳಗೆ ಇರಬೇಕು. ಗಾಡಿ ಯಾವಾಗ ತಯಾರಾದರೂ ಬಿಲ್ ಈಗ ಆದರೆ ಈಗಿನ ರೇಟೇ.

ಹೊಸದುರ್ಗ_ತೆಂಗು
ಲೋನ್ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಒಂದು ಶೋರೂಮ್‌ನಲ್ಲಿ "ಬರೀ 7% ಬಡ್ಡಿ ಸರ್" ಅಂದರು. ಬ್ಯಾಂಕಿಗಿಂತ ಕಡಿಮೆ ಇದೆಯಲ್ಲಾ ಅಂತ ಕಂತು ಕೇಳಿದೆ. 6 ಲಕ್ಷಕ್ಕೆ ಐದು ವರ್ಷ, ತಿಂಗಳಿಗೆ 13,500. ಮನೆಗೆ ಬಂದು ಮಗಳ ಕೈಲಿ ಲೆಕ್ಕ ಹಾಕಿಸಿದೆ. ಅದು ಫ್ಲಾಟ್ ರೇಟು. ಅಸಲು ತೀರ್ತಾ ಬಂದರೂ ಪೂರ್ತಿ 6 ಲಕ್ಷಕ್ಕೇ ಬಡ್ಡಿ, ಐದು ವರ್ಷಕ್ಕೆ 2.10 ಲಕ್ಷ. ಬ್ಯಾಂಕಿನ ಲೆಕ್ಕಕ್ಕೆ ತಂದರೆ ಅದು ಹತ್ತಿರ ಹತ್ತಿರ 12.5% ಆಗುತ್ತೆ. ಡಿಸ್ಕೌಂಟ್ ಅಂತ ಒಂದು ಕೈಲಿ ಕೊಟ್ಟು ಕಂತಿನಲ್ಲಿ ಇನ್ನೊಂದು ಕೈಲಿ ತಗೊಳ್ಳೋದು ಇದು. ನನಗೆ ಬಹಳ ಸಿಟ್ಟು ಬಂತು, ಅಲ್ಲಿಗೆ ಮತ್ತೆ ಹೋಗಲಿಲ್ಲ.

ಬಡ್ಡಿ ಎಷ್ಟು ಅಂತ ಮಾತ್ರ ಕೇಳಬೇಡಿ. ಕಂತು ಎಷ್ಟು, ಎಷ್ಟು ತಿಂಗಳು, ಪ್ರೊಸೆಸಿಂಗ್ ಫೀ ಎಷ್ಟು, ಮಧ್ಯೆ ತೀರಿಸಿದರೆ ದಂಡ ಎಷ್ಟು, ಎಲ್ಲಾ ಕೇಳಿ. ಮೊದಲು ನಿಮ್ಮ ಖಾತೆ ಇರೋ ಬ್ಯಾಂಕಿಗೆ ಹೋಗಿ.

ಚನ್ನಗಿರಿ_ತೋಟ
ಹೊಸದುರ್ಗದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಅಡಿಕೆ ದುಡ್ಡು ಬಂದಾಗ ಪೂರ್ತಿ ಕ್ಯಾಶ್ ಕೊಟ್ಟರೆ ಜಾಸ್ತಿ ಬಿಡ್ತಾರೆ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಹಾಗೇನಿಲ್ಲ. 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ನಗದು ಅವರು ತಗೊಳ್ಳೋ ಹಾಗೂ ಇಲ್ಲ. ಲೋನ್ ಮಾಡಿಸಿದರೇ ಅವರಿಗೆ ಲಾಭ.

ಕೊಂಡಜ್ಜಿ_ಕೆರೆ
ಎಕ್ಸ್‌ಚೇಂಜ್ ಮಾಡೋರಿಗೆ ಒಂದು ಮಾತು. ಹಳೇ ಗಾಡಿಗೆ ಹೊರಗೆ 1.80 ಲಕ್ಷ ಬರುತ್ತೆ ಅಂದುಕೊಳ್ಳಿ. ಶೋರೂಮ್‌ನಲ್ಲಿ 1.50 ಕಟ್ಟಿ, ಮೇಲೆ 25 ಸಾವಿರ ಎಕ್ಸ್‌ಚೇಂಜ್ ಬೋನಸ್ ಅಂತಾರೆ. ಬೋನಸ್ ಬಂತು ಅಂತ ಖುಷಿ ಆಗುತ್ತೆ, ಲೆಕ್ಕಕ್ಕೆ 5 ಸಾವಿರ ಲಾಸು. ಹಳೇ ಗಾಡಿಯ ರೇಟು ಬೇರೆ, ಹೊಸದರ ರೇಟು ಬೇರೆ ಮಾತಾಡಿ. ಕೊಟ್ಟ ಮೇಲೆ ಆರ್‌ಸಿ ಬೇರೆಯವರ ಹೆಸರಿಗೆ ಆಗೋವರೆಗೂ ಬಿಡಬೇಡಿ. ಗಾಡಿ ಒಪ್ಪಿಸಿದ ದಿನ, ಗಂಟೆ ಬರೆಸಿ ಸಹಿ ತಗೊಳ್ಳಿ.

ಜಗಳೂರು_ಮಂಜ
ಕೋಟಿಂಗ್ ಬಗ್ಗೆ ಏನಂತೀರಿ? ನಮ್ಮ ಧೂಳಿಗೆ ಬೇಕೇ ಬೇಕು ಅಂತಾರೆ.

ಚಳ್ಳಕೆರೆ_ಶೇಂಗಾ
ಬೇಕಿದ್ದರೆ ಆಮೇಲೆ ಹೊರಗೆ ಮಾಡಿಸಿ. ಹೊಸ ಪೇಂಟ್ ಚೆನ್ನಾಗೇ ಇರುತ್ತೆ. ತೊಳೆಯೋ ಮೊದಲು ಒಣ ಬಟ್ಟೆಯಲ್ಲಿ ಉಜ್ಜದೇ ಇದ್ದರೆ ಸಾಕು. ಮ್ಯಾಟು, ಮಡ್‌ಫ್ಲಾಪು ಮಾತ್ರ ಮೊದಲೇ ಬೇಕು. ನಂಬರ್ ಪ್ಲೇಟ್‌ಗೆ ಬೇರೆ ದುಡ್ಡು ಕೇಳಿದರೂ ಕೊಡಬೇಡಿ. 2019ರ ಏಪ್ರಿಲ್‌ನಿಂದ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಗಾಡಿ ಜೊತೆಗೇ ಬರಬೇಕು.

ಹದಡಿ_ರೋಡ್
ಎಲ್ಲರಿಗೂ ತುಂಬಾ ಧನ್ಯವಾದ. ಹುಬ್ಬಳ್ಳಿಯಿಂದ ಕೊಟೇಶನ್ ತರಿಸಿ, ಆನ್‌ಲೈನ್ ಇನ್ಶೂರೆನ್ಸ್ ರೇಟು ಪ್ರಿಂಟ್ ಹಾಕಿ, ನಮ್ಮ ಮನೆಯವರೂ ನಾನೂ ಹೋಗಿ ಮ್ಯಾನೇಜರ್ ಹತ್ತಿರವೇ ಕೂತೆವು. ಹ್ಯಾಂಡ್ಲಿಂಗ್, ಕೋಟಿಂಗ್ ಎರಡೂ ತೆಗೆದರು. ಆರ್‌ಟಿಒ 1,34,000, ರಸೀದಿಯಲ್ಲಿ ಕಡಿಮೆ ಬಂದರೆ ವಾಪಸ್ ಅಂತ ಬರೆದಿದ್ದಾರೆ. ಇನ್ಶೂರೆನ್ಸ್ ಅದೇ ಐಡಿವಿ, ಝೀರೋ ಡೆಪ್ ಜೊತೆ 34,800. ಮ್ಯಾಟ್, ಮಡ್‌ಫ್ಲಾಪ್ ಸೇರಿ 5,500. ಫಾಸ್ಟ್ಯಾಗ್ 500. ವಾರಂಟಿ ನಾವೇ ಇಟ್ಟುಕೊಂಡೆವು. ಡಿಸ್ಕೌಂಟ್ 38,000. ಒಟ್ಟು 9,92,600.

"ಇವತ್ತೇ ಮಾತ್ರ" ಅಂದ ಡಿಸ್ಕೌಂಟ್ ಹೋಗಲಿಲ್ಲ, ಹೆಚ್ಚೇ ಆಯ್ತು. ಈಗ ಒಂದೇ ತೊಡಕು. ಅತ್ತೆಯವರು ಸಂಕ್ರಾಂತಿ ಆದ ಮೇಲೇ ಗಾಡಿ ಮನೆಗೆ ಬರಲಿ ಅಂತಿದ್ದಾರೆ. ಜನವರಿಯಲ್ಲಿ ರೇಟು ಏರಿದರೆ?

ನಿಜಲಿಂಗಪ್ಪ_ಬಡಾವಣೆ
78 ಸಾವಿರ ಹತ್ತಿರ ಇಳಿಸಿದ್ದೀರಿ, ಭೇಷ್ ಮೇಡಂ!

ಕೋಟೆ_ಊರು
ಇನ್ನೂ ಐದು ಸಾವಿರ ಕೇಳಬಹುದಿತ್ತು.

ಲೆಕ್ಕದ_ಮೇಡಂ
ಸಾಕು ಬಿಡಿ. ಬರವಣಿಗೆಯಲ್ಲಿ ಇಷ್ಟು ಸಿಕ್ಕ ಮೇಲೆ ಎಳೆದಾಡೋದು ಬೇಡ.

ಶೋರೂಮ್_ಬಿಟ್ಟವ
ಮೇಡಂ, ರೇಟು ನಿಲ್ಲೋದು ಬಿಲ್ ಆದ ದಿನಕ್ಕೆ, ಬುಕ್ ಮಾಡಿದ ದಿನಕ್ಕಲ್ಲ. ಬುಕಿಂಗ್ ರಸೀದಿ ಇದ್ದರೂ ಜನವರಿಯಲ್ಲಿ ಬಿಲ್ ಆದರೆ ಹೊಸ ರೇಟು ಕೇಳಬಹುದು. ಆದ್ದರಿಂದ ಡಿಸೆಂಬರ್ ಒಳಗೇ ಬಿಲ್ ಮಾಡಿಸಿ, ರಿಜಿಸ್ಟ್ರೇಶನ್ ಕೂಡ ಮುಗಿಸಿ. ಡೆಲಿವರಿ ಮಾತ್ರ ಸಂಕ್ರಾಂತಿ ಆದ ಮೇಲೆ ಅಂತ ಬರೆಸಿಕೊಳ್ಳಿ. ಈ ಕಾಲದಲ್ಲಿ ಎಲ್ಲರೂ ಹೀಗೆ ಕೇಳ್ತಾರೆ, ಅವರು ಒಪ್ತಾರೆ. ಇನ್ಶೂರೆನ್ಸ್ ಮೊದಲೇ ಶುರುವಾಗಿ ಕೆಲವು ವಾರ ಸುಮ್ನೆ ಹೋಗುತ್ತೆ, ಅಷ್ಟೇ ನಷ್ಟ.

ಆದರೆ ಬಿಲ್ ಆಗೋ ಮೊದಲು, ಹಗಲು ಬೆಳಕಲ್ಲಿ ಗಾಡಿ ನೋಡಿ. ಬಾಗಿಲ ಸಂದು, ಬಂಪರ್ ಅಂಚು, ಗಾಜಿನ ಮೇಲಿನ ಗುರುತು, ಸ್ಟೆಪ್ನಿ, ಕಿಲೋಮೀಟರ್ ಎಲ್ಲಾ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ಚಾಸಿ ನಂಬರ್ ರಸೀದಿ ಮೇಲೆ ಬರೆಸಿ. ರಿಜಿಸ್ಟ್ರೇಶನ್ ಆದ ಮೇಲೆ ಗೀರು ಕಂಡರೆ ಗಾಡಿ ಬದಲಿಸಿ ಕೊಡಿ ಅನ್ನೋದು ಕಷ್ಟ. ಡೆಲಿವರಿ ದಿನ ಅದೇ ಫೋಟೋ ಹಿಡಿದು ಇನ್ನೊಮ್ಮೆ ನೋಡಿ ಸಹಿ ಹಾಕಿ. ಆಮೇಲೂ ಏನಾದರೂ ತಕರಾರು ಮಾಡಿದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಹದಡಿ_ರೋಡ್
ಸರಿ ಅಣ್ಣ. ನಾಳೆ ಬೆಳಿಗ್ಗೆಯೇ ಯಾರ್ಡ್‌ಗೆ ಹೋಗಿ ಗಾಡಿ ನೋಡ್ತೀವಿ. ಸರಿ ಇದ್ದರೆ ಆಮೇಲೆ ಬಿಲ್ ಮಾಡಿಸ್ತೀವಿ.